ನಾಲ್ಕು ಚೌಕದ ಒಂದು ಸ್ಟ್ರಿಪ್‌ಗೆ ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ?

ಅರ್ಧಕ್ಕೆ_ನಿಂತ_ಪೆನ್ಸಿಲ್ · ಸೋಮವಾರ ರಾತ್ರಿ 11.20

ಯುಗಾದಿ ದಿನ ಇದೇ ಗುಂಪಿನಲ್ಲಿ "ಇನ್ನು ಮೇಲೆ ವಾರಕ್ಕೊಂದು ಕನ್ನಡ ಕಾಮಿಕ್ ಸ್ಟ್ರಿಪ್" ಅಂತ ಜಂಬ ಕೊಚ್ಚಿಕೊಂಡಿದ್ದೆ. ನೆನಪಿರುವವರು ದಯವಿಟ್ಟು ಮರೆತುಬಿಡಿ. ಏಳು ಆದವು. ಎಂಟನೆಯದು ಎರಡು ತಿಂಗಳಿಂದ ಟೇಬಲ್ ಮೇಲೆ ಬಿದ್ದಿದೆ. ಈಗ ಅದರ ಮೇಲೆ ಚಹಾ ಲೋಟ ಇಡುತ್ತಿದ್ದೇನೆ.

ಕಥೆ ಇಷ್ಟೇ: ಮಾರತ್ತಹಳ್ಳಿಯ ಪಿಜಿ, ಒಂದು ರೂಮು, ನಾಲ್ಕು ಹುಡುಗರು. ನನ್ನದೇ ರೂಮು ಅನ್ನಿ. ಕೆಲಸ ಮುಗಿಸಿ ಬಂದು ಕೂರುವಾಗ ರಾತ್ರಿ ಹತ್ತು. ಒಂದು ಸ್ಟ್ರಿಪ್‌ಗೆ ಹದಿನಾಲ್ಕು ಗಂಟೆ ಹಿಡಿಯುತ್ತಿದೆ. ಮಂಚ, ಬಕೆಟ್, ಹಗ್ಗದ ಮೇಲಿನ ಬನಿಯನ್ ಎಲ್ಲವನ್ನೂ ಬಿಡಿಸುತ್ತೇನೆ. ಕೊನೆಯಲ್ಲಿ ಮಾತು ಹಾಕೋಣ ಅಂದರೆ ಜಾಗವೇ ಇಲ್ಲ. ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ.

ತಪ್ಪದೆ ಹಾಕುವವರು ಇಲ್ಲಿ ಕೆಲವರು ಇದ್ದೀರಿ. ನಿಮ್ಮ ದಿನ ಹೇಗಿರುತ್ತದೆ? ಯಾವಾಗ ಕೂರುತ್ತೀರಿ? ಮೊದಲು ಏನು ಮಾಡುತ್ತೀರಿ? ಸ್ಫೂರ್ತಿ ಗೀರ್ತಿ ಬೇಡ, ಗಂಟೆ ಲೆಕ್ಕ ಹೇಳಿ ಸಾಕು.

ಸುಮ್ನೆ_ಓದುವವ · ಸೋಮವಾರ ರಾತ್ರಿ 11.41

ಟೋನರ್ ಅಕ್ಕನನ್ನು ಕರೆಯಿರಿ. ಝೆರಾಕ್ಸ್ ಅಂಗಡಿ ಸ್ಟ್ರಿಪ್ ಅವರದೇ. ನಾಲ್ಕು ವರ್ಷದಿಂದ ಒಂದು ಗುರುವಾರವೂ ತಪ್ಪಿಲ್ಲ.

ತುಂಗಾತೀರದ_ಟೋನರ್ · ಮಂಗಳವಾರ ಬೆಳಿಗ್ಗೆ 6.50

ತಪ್ಪಿದೆ ಮಾರಾಯ್ರೆ. ಮಗನಿಗೆ ಡೆಂಗಿ ಆದಾಗ ಮೂರು ವಾರ ತಪ್ಪಿತು. ಕಳೆದ ಆಷಾಢದಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ, ಆಗ ಶನಿವಾರ ಹಾಕಿದೆ. ಯಾರೂ ಕೇಳಲಿಲ್ಲ. ಅದೇ ಬೇಜಾರು!

ಪೆನ್ಸಿಲ್ ಅವರೇ, ಗಂಟೆ ಲೆಕ್ಕ ಕೇಳಿದಿರಲ್ಲ. ನನಗೆ ಒಂದು ಸ್ಟ್ರಿಪ್‌ಗೆ ಐದರಿಂದ ಆರು ಗಂಟೆ. ಆದರೆ ಆ ಆರು ಗಂಟೆ ಒಟ್ಟಿಗೆ ಯಾವತ್ತೂ ಸಿಕ್ಕಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಐದೂಕಾಲಿಂದ ಆರೂವರೆ ನನ್ನದು. ಆಮೇಲೆ ಹಾಲು, ತಿಂಡಿ, ಮಗನ ಶಾಲೆ, ಅತ್ತೆಯ ಮಾತ್ರೆ. ಒಂಬತ್ತಕ್ಕೆ ತೀರ್ಥಹಳ್ಳಿ ಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆಯಬೇಕು. ಝೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್. ರಾತ್ರಿ ನಾನು ಗೆರೆ ಎಳೆಯುವುದಿಲ್ಲ. ರಾತ್ರಿ ಎಳೆದ ಗೆರೆ ಬೆಳಿಗ್ಗೆ ನೋಡಿದರೆ ಬೇರೆ ಯಾರೋ ಎಳೆದ ಹಾಗಿರುತ್ತದೆ.

ವಾರ ಹೀಗೆ ಹಂಚಿದ್ದೇನೆ. ಶುಕ್ರ, ಶನಿ: ಬರೀ ಮಾತು. ಭಾನುವಾರ ಬೆಳಿಗ್ಗೆ ಮಾತನ್ನು ಚೌಕದಲ್ಲಿ ಕೂರಿಸುವುದು. ಸೋಮ, ಮಂಗಳ: ಪೆನ್ಸಿಲ್, ಇಂಕು. ಬುಧವಾರ ಸ್ಕ್ಯಾನು, ಬಣ್ಣ. ಬಣ್ಣ ಅಂದರೆ ಎರಡೇ, ಒಂದು ಹಳದಿ, ಒಂದು ಬೂದು. ಮೂರನೆಯ ಬಣ್ಣ ಹಾಕಿದ ವಾರ ಅನ್ನ ಸೀದಿದೆ.

ನೀವು ಮಂಚ, ಬಕೆಟ್ ಬಿಡಿಸಿ ಕೊನೆಗೆ ಮಾತು ಹಾಕುತ್ತೀರಿ ಅಂದಿರಿ. ಎಡವಟ್ಟು ಅಲ್ಲೇ ಆಗಿರುವುದು. ಕನ್ನಡದಲ್ಲಿ ಮೊದಲು ಮಾತು ಕೂರಿಸಬೇಕು. ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸಬೇಕು. ಹಾಲು, ತಿಂಡಿಯ ಹೊತ್ತಾಯಿತು, ಸಂಜೆ ಬರುತ್ತೇನೆ.

ಒತ್ತಕ್ಷರ · ಮಂಗಳವಾರ ಬೆಳಿಗ್ಗೆ 10.15

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಹೊಟ್ಟೆಪಾಡೇ ಅಕ್ಷರ ಬಿಡಿಸುವುದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಇಂಗ್ಲಿಷ್ ಕಾಮಿಕ್‌ಗಳಲ್ಲಿ ಮಾತಿನ ಬಲೂನಿನೊಳಗೆ ಹೆಚ್ಚಾಗಿ ಬರೀ ದೊಡ್ಡಕ್ಷರ ಇರುತ್ತವೆ. ಎಲ್ಲ ಒಂದೇ ಎತ್ತರ. ಸಾಲುಗಳನ್ನು ಇಟ್ಟಿಗೆ ಥರ ಒಂದರ ಮೇಲೊಂದು ಒತ್ತಿ ಇಡಬಹುದು. ನಮ್ಮದು ಮೂರು ಅಂತಸ್ತಿನ ಮನೆ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. "ರಾಷ್ಟ್ರ" ಅಂತ ಬರೆದು ನೋಡಿ, ನೆಲಮಾಳಿಗೆಯಲ್ಲಿ ಎರಡು ಒತ್ತು ಕೂತಿರುತ್ತವೆ. ಅದರ ಕೆಳಗಿನ ಸಾಲಿನಲ್ಲಿ ಒಂದು "ಕೀ" ಬಂದರೆ ಎರಡೂ ಗುದ್ದಾಡುತ್ತವೆ. ನಾನು ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡುತ್ತೇನೆ. ಅದಕ್ಕಿಂತ ಕಮ್ಮಿ ಮಾಡಿದರೆ ಫೋನಿನಲ್ಲಿ ಓದಲು ಆಗುವುದಿಲ್ಲ.

ಎರಡನೆಯದು ಅಗಲ. "ಬಂದಿದ್ದಾನಂತಲ್ಲ" ಅನ್ನುವುದು ಒಂದೇ ಪದ. ಅದರೊಳಗೆ ಒಬ್ಬ ಬಂದಿದ್ದಾನೆ, ಇನ್ನೊಬ್ಬ ಅದನ್ನು ಹೇಳಿದ್ದಾನೆ, ಮೂರನೆಯವನು ಹೌದಾ ಅಂತ ಕೇಳುತ್ತಿದ್ದಾನೆ. ಒಂದು ಸಣ್ಣ ಬಲೂನಿನಲ್ಲಿ ಇದನ್ನು ಎಲ್ಲಿ ಮುರಿಯುತ್ತೀರಿ?

ಇದರಲ್ಲಿ ಒಂದು ತಮಾಷೆ ಇದೆ. "ಹೋಗಬೇಕಾಗಿತ್ತು" ಅಂತ ಬರೆದರೆ ಆರು ಅಕ್ಷರ, ಅಗಲ ಜಾಸ್ತಿ. "ಹೋಗ್ಬೇಕಿತ್ತು" ಅಂದರೆ ನಾಲ್ಕೇ ಅಕ್ಷರ, ಆದರೆ ಗ ಕೆಳಗೆ ಬ ಒತ್ತು ಬಂತು, ಆಳ ಜಾಸ್ತಿ. ಪುಸ್ತಕದ ಕನ್ನಡ ಪಕ್ಕಕ್ಕೆ ಬೆಳೆಯುತ್ತದೆ, ಮಾತಿನ ಕನ್ನಡ ಕೆಳಕ್ಕೆ ಬೆಳೆಯುತ್ತದೆ. ಬಲೂನು ಅಡ್ಡ ಇದೆಯೋ ಉದ್ದ ಇದೆಯೋ ನೋಡಿಕೊಂಡು ಪಾತ್ರದ ಬಾಯಿಗೆ ಭಾಷೆ ಹಾಕಿದ್ದೂ ಉಂಟು. ಮೇಷ್ಟ್ರುಗಳು ಬೈಯಬೇಡಿ.

ಅರ್ಧಕ್ಕೆ_ನಿಂತ_ಪೆನ್ಸಿಲ್ · ಮಂಗಳವಾರ ಮಧ್ಯಾಹ್ನ 1.30

ಹೀಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಸಮಸ್ಯೆ: ಫೋಟೋಶಾಪ್‌ನಲ್ಲಿ ಟೈಪ್ ಮಾಡಿದರೆ ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ಅರ್ಧಚಂದ್ರ ಹಾಕಿಕೊಂಡು ಕೂರುತ್ತದೆ. ನುಡಿ ತಂತ್ರಾಂಶದಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗುತ್ತದೆ. ಯಾವ ಫಾಂಟ್ ಬಳಸಲಿ?

ಒತ್ತಕ್ಷರ · ಮಂಗಳವಾರ ಮಧ್ಯಾಹ್ನ 2.05

ಹಳೆಯ ಫೋಟೋಶಾಪ್‌ಗಳ ಟೈಪ್ ಸೆಟ್ಟಿಂಗ್‌ನಲ್ಲಿ "ವರ್ಲ್ಡ್-ರೆಡಿ ಲೇಔಟ್" ಅಂತ ಇದೆ. ಅದನ್ನು ಆರಿಸಿದರೆ ಒತ್ತು ತನ್ನ ಜಾಗಕ್ಕೆ ಹೋಗುತ್ತದೆ. ದುಡ್ಡು ಕೊಡಲು ಇಷ್ಟ ಇಲ್ಲದಿದ್ದರೆ ಇಂಕ್‌ಸ್ಕೇಪ್ ಉಚಿತ, ಕನ್ನಡ ಸರಿಯಾಗಿ ಮೂಡುತ್ತದೆ. ನುಡಿಯದು ಹಳೆಯ ಫಾಂಟ್ ಜಗಳ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ತುಂಡುಗಳನ್ನು ಕೂರಿಸಿದ್ದವು. ಅದನ್ನು ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿಯೇ ಅಂಟಿಸಬೇಕು.

ಫಾಂಟ್: ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ 2 ಇದೆ, ದುಂಡಗೆ, ಗಟ್ಟಿಯಾಗಿದೆ, ಮಕ್ಕಳ ಕಾಮಿಕ್‌ಗೆ ಚೆನ್ನ. ಅಕಾಯ ಕನಡಕ ಇದೆ, ಕೈಬರಹದ ಕುಣಿತ ಇದೆ. ಎರಡೂ ಮುಕ್ತ ಲೈಸೆನ್ಸ್, ನಾಳೆ ಪುಸ್ತಕ ಮಾಡಿ ಮಾರಿದರೂ ಯಾರೂ ಕೇಳುವುದಿಲ್ಲ. ಆದರೆ ನಿಮ್ಮ ಗೆರೆ ನಡುಗುವ ಗೆರೆಯಾದರೆ ಕೈಯಲ್ಲೇ ಬರೆಯಿರಿ. ನಡುಗುವ ಮೂಗಿನ ಪಕ್ಕ ಇಸ್ತ್ರಿ ಹಾಕಿದ ಅಕ್ಷರ ಚಂದ ಕಾಣುವುದಿಲ್ಲ.

ತುಂಗಾತೀರದ_ಟೋನರ್ · ಮಂಗಳವಾರ ರಾತ್ರಿ 9.10

ಬಂದೆ. ಇವತ್ತು ನಲವತ್ತು ಮದುವೆ ಕಾಗದ ತಿದ್ದಿದ್ದೇನೆ. "ಚಿ. ರಾ." ಮತ್ತು "ಚಿ. ಸೌ." ನೋಡಿ ನೋಡಿ ಕಣ್ಣು ಉರಿಯುತ್ತಿದೆ. ಒಂದು ಸ್ಟ್ರಿಪ್ ಹೇಗೆ ಆಯಿತು ಅಂತ ಹೇಳುತ್ತೇನೆ, ಅದು ಸುಲಭ.

ನನ್ನ ಟಿಪ್ಪಣಿ ಪುಸ್ತಕ ಅಂದರೆ ಕೆಟ್ಟ ಪ್ರತಿಗಳ ಹಿಂಭಾಗ. ಮಷೀನಿನಲ್ಲಿ ಸಿಕ್ಕಿಕೊಂಡದ್ದು, ಓರೆ ಬಂದದ್ದು, ಎಲ್ಲ ಒಂದು ರಟ್ಟಿನ ಡಬ್ಬದಲ್ಲಿ ಹಾಕುತ್ತೇನೆ. ಗಿರಾಕಿ ಏನಾದರೂ ಹೇಳಿದರೆ ಬಾಲ್‌ಪೆನ್ನಿನಲ್ಲಿ ಅದರ ಹಿಂದೆ ಗೀಚುತ್ತೇನೆ. (ಆಧಾರ್ ಪ್ರತಿ ಕೆಟ್ಟರೆ ಹರಿದೇ ಹಾಕುತ್ತೇನೆ, ಗಾಬರಿ ಬೇಡ.)

ಒಬ್ಬ ಅಜ್ಜ ಪಹಣಿ ಝೆರಾಕ್ಸ್ ಮಾಡಿಸಲು ಬಂದರು. ಟೋನರ್ ಮುಗಿಯುತ್ತಾ ಬಂದಿತ್ತು, ಪ್ರತಿ ಸ್ವಲ್ಪ ಮಾಸಲು ಬಂತು. ಎರಡು ರೂಪಾಯಿ ಅಂದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕಪ್ಪು ಕಮ್ಮಿ ಬಿದ್ದಿದೆ. ಒಂದೂವರೆ ತಗ" ಅಂದರು.

ಇಷ್ಟೇ. ಮೊದಲ ಸಲ ಬರೆದಾಗ ನಾಲ್ಕು ಚೌಕದಲ್ಲೂ ಮಾತು. ಒಂದನೆಯದರಲ್ಲಿ ಅಜ್ಜ ಯಾವ ಊರಿಂದ ಬಂದರು, ಪಹಣಿ ಯಾಕೆ ಬೇಕು. ಎರಡನೆಯದರಲ್ಲಿ ಟೋನರ್ ಯಾಕೆ ತಂದಿಲ್ಲ ಅಂತ ನನ್ನ ಸಬೂಬು. ಮೂರನೆಯದರಲ್ಲಿ ಅಜ್ಜ ದೂರುತ್ತಾರೆ. ನಾಲ್ಕನೆಯದರಲ್ಲಿ ಚೌಕಾಸಿ. ಓದಿದರೆ ನಗು ಬರಲಿಲ್ಲ. ಅತ್ತೆಗೆ ತೋರಿಸಿದೆ. "ಯಾವ ಅಜ್ಜ? ಮೇಲಿನಕೇರಿಯವರಾ?" ಅಂದರು. ಅಂದರೆ ಫೇಲು.

ಎರಡು ದಿನ ಬಿಟ್ಟು ತೆಗೆಯಲು ಶುರು ಮಾಡಿದೆ. ಊರು ಹೋಯಿತು. ನನ್ನ ಸಬೂಬು ಹೋಯಿತು. ಕೊನೆಗೆ ಉಳಿದದ್ದು:

ಒಂದು: ಮಷೀನು, "ಝೂಂಯ್ ಕಟಕ್".
ಎರಡು: "ಎರಡು ರೂಪಾಯಿ ಅಜ್ಜಯ್ಯ."
ಮೂರು: ಮಾತಿಲ್ಲ. ಅಜ್ಜ ಹಾಳೆಯನ್ನು ಬೆಳಕಿಗೆ ಹಿಡಿದಿದ್ದಾರೆ. ಬರೀ ಹಾಳೆ, ಹಿಂದಿನಿಂದ ಕನ್ನಡಕದ ಒಂದು ಗಾಜು.
ನಾಲ್ಕು: "ಕಪ್ಪು ಕಮ್ಮಿ ಬಿದ್ದಿದೆ. ಒಂದೂವರೆ ತಗ."

ಆ ಮೂರನೆಯ ಚೌಕಕ್ಕೆ ಒಂದೂವರೆ ಗಂಟೆ ಹೋಯಿತು. ಗೆರೆ ಎಳೆದದ್ದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅಜ್ಜನ ಮುಖ ತೋರಿಸಲೋ ಬೇಡವೋ ಅಂತ ಯೋಚನೆ. ಮುಖ ತೋರಿಸಿದರೆ ಅವರು ಜಿಪುಣ ಅನ್ನಿಸುತ್ತಿತ್ತು. ಹಾಳೆ ಮಾತ್ರ ತೋರಿಸಿದಾಗ ಅವರು ಮಾಲು ಪರೀಕ್ಷೆ ಮಾಡುವ ವ್ಯಾಪಾರಿ ಆದರು. ಅಡಿಕೆ ಮಂಡಿಯಲ್ಲಿ ಜನ ಹಾಗೇ ಅಡಿಕೆ ನೋಡುವುದು.

ನಿಜಕ್ಕೂ ನಾನು ಒಂದೂವರೆ ತೆಗೆದುಕೊಂಡೆನಾ ಅಂತ ಎಲ್ಲರೂ ಕೇಳುತ್ತಾರೆ. ಎಂಟಾಣೆ ಚಿಲ್ಲರೆ ಯಾರ ಹತ್ತಿರ ಇದೆ ಈಗ? ಒಂದೇ ರೂಪಾಯಿ ಕೊಟ್ಟು ಹೋದರು.

ಮಂಡಕ್ಕಿ_ಮಿರ್ಚಿ · ಮಂಗಳವಾರ ರಾತ್ರಿ 9.52

ಎಂಟಾಣೆ ಉಳಿಸಿದ ಅಜ್ಜಗೆ ನಮಸ್ಕಾರ.

ನಾನು ದಾವಣಗೆರೆ ಹತ್ತಿರದ ಸರ್ಕಾರಿ ಶಾಲೆ ಮೇಷ್ಟ್ರು. "ಝೂಂಯ್ ಕಟಕ್" ನೋಡಿ ಇದು ಹೇಳಬೇಕು ಅನ್ನಿಸಿತು. ಏಳನೆಯ ಕ್ಲಾಸಿಗೆ ಅನುಕರಣಾವ್ಯಯ ಪಾಠ ಮಾಡುವಾಗ ಪುಸ್ತಕ ಮುಚ್ಚಿಸಿ "ಕಾಮಿಕ್ಸ್ ಬರೀರಿ, ಮಾತು ಬೇಡ, ಬರೀ ಸದ್ದು" ಅಂದೆ. ಗಲಾಟೆಯೋ ಗಲಾಟೆ. ತೆಂಗಿನಕಾಯಿ ಬಿದ್ದರೆ "ಢಬ್", ಹಲಸಿನ ಹಣ್ಣು ಬಿದ್ದರೆ "ದೊಪ್", ಹನಿ ಬಿದ್ದರೆ "ಟಪ್". ಒಬ್ಬಳು ಹುಡುಗಿ ಅಪ್ಪ ಮನೆಗೆ ಬಂದ ಸದ್ದನ್ನು "ಕಿರ್ರ್… ಧಡ್" ಅಂತ ಬರೆದಿದ್ದಳು. ಬಾಗಿಲು. ನಾನು ಆಮೇಲೆ ಏನೂ ಕೇಳಲಿಲ್ಲ.

ನಮ್ಮ ಭಾಷೆಯಲ್ಲಿ ಸದ್ದಿನ ಪದಗಳಿಗೆ ಬರವೇ ಇಲ್ಲ. ಗಿರಗಿರ, ಚಟಚಟ, ಗುಳುಗುಳು, ಜಿಟಿಜಿಟಿ. ಆದರೂ ನಮ್ಮ ಹುಡುಗರು ಕಾಮಿಕ್ಸ್ ಬರೆಯಲು ಕೂತರೆ "ಬೂಮ್" ಅಂತಾರೆ.

ತುಂಗಾತೀರದ_ಟೋನರ್ · ಮಂಗಳವಾರ ರಾತ್ರಿ 10.05

ಮೇಷ್ಟ್ರೇ, ಆ ಹುಡುಗಿಯ ಚಿತ್ರ ಜೋಪಾನವಾಗಿ ಇಡಿ.

ನಮ್ಮ ಕಡೆ ಮಳೆಗೆ ಒಂದೇ ಸದ್ದು, "ಧೋ". ಜೂನ್‌ನಿಂದ ಪ್ರತಿ ಸ್ಟ್ರಿಪ್‌ನ ಹಿನ್ನೆಲೆಯಲ್ಲಿ ಬ್ರಷ್‌ನಲ್ಲಿ ಅದನ್ನೇ ಎಳೆದುಬಿಡುತ್ತೇನೆ. ಹಿನ್ನೆಲೆ ಬಿಡಿಸುವ ಕೆಲಸವೂ ತಪ್ಪಿತು. ಪೆನ್ಸಿಲ್ ಅವರೇ, ಇದು ಗುಟ್ಟು.

ನೇರ_ಮಾತು · ಬುಧವಾರ ಬೆಳಿಗ್ಗೆ 8.30

ಬೇಜಾರು ಮಾಡಿಕೊಳ್ಳಬೇಡಿ. ಒತ್ತು, ಸಾಲಿನ ಅಂತರ, ಇಷ್ಟೆಲ್ಲ ಒದ್ದಾಟ ಯಾಕೆ? ಇಂಗ್ಲಿಷಿನಲ್ಲಿ ಹಾಕಿದರೆ ಹತ್ತು ಪಟ್ಟು ಜನ ನೋಡುತ್ತಾರೆ. ಇಲ್ಲ ಅಂದರೆ ಎಐಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಚಿತ್ರ ಕೊಡುತ್ತದೆ. ಆರು ಗಂಟೆ ಯಾಕೆ ದಂಡ ಮಾಡುತ್ತೀರಿ?

ಕಟಿಂಗ್_ಚಾ · ಬುಧವಾರ ಬೆಳಿಗ್ಗೆ 9.15

ನೇರ ಮಾತಿನವರೇ, "ಒಂದೂವರೆ ತಗ" ಅನ್ನುವುದನ್ನು ಇಂಗ್ಲಿಷಿಗೆ ತಂದು ತೋರಿಸಿ. ಕಾಯುತ್ತೇನೆ.

ನಾವು ಡೊಂಬಿವಲಿಯಲ್ಲಿ ಇರುವುದು. ಮಗಳಿಗೆ ಹನ್ನೆರಡು. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಕನ್ನಡ ಅಕ್ಷರ ಮಾತ್ರ ಅಜ್ಜಿ ಕಲಿಸಿದ್ದಾರೆ. ಕೂಡಿಸಿ ಕೂಡಿಸಿ ಓದುತ್ತಾಳೆ. ಕಥೆ ಪುಸ್ತಕ ಕೊಟ್ಟರೆ ಎರಡನೇ ಸಾಲಿಗೆ ಮುಚ್ಚಿಡುತ್ತಾಳೆ. ಅಕ್ಕನ ಸ್ಟ್ರಿಪ್ ಮಾತ್ರ ಪೂರ್ತಿ ಓದುತ್ತಾಳೆ, ಯಾಕೆಂದರೆ ಒಟ್ಟು ಎಂಟು ಪದ ಇರುತ್ತವೆ. ಈಗ ಮನೆಯಲ್ಲಿ ಏನು ಕಮ್ಮಿ ಬಿದ್ದರೂ "ಒಂದೂವರೆ ತಗ" ಅನ್ನುತ್ತಾಳೆ. ಮೊನ್ನೆ ಸಾರಿಗೆ ಉಪ್ಪು ಕಮ್ಮಿ ಆದದ್ದಕ್ಕೂ.

ಒತ್ತಕ್ಷರ · ಬುಧವಾರ ಬೆಳಿಗ್ಗೆ 9.40

ಎಐ ಕೊಟ್ಟ ಚಿತ್ರದಲ್ಲಿ ಅಂಗಡಿ ಬೋರ್ಡು ಓದಿ ನೋಡಿದ್ದೀರಾ? ದೂರದಿಂದ ಕನ್ನಡ, ಹತ್ತಿರ ಹೋದರೆ ಜಿಲೇಬಿ. ಅದು ನಾಳೆ ಸರಿ ಹೋಗಬಹುದು, ಆ ವಾದ ನನಗೆ ಬೇಡ. ಆದರೆ ಅಜ್ಜನ ಮುಖ ತೋರಿಸದೆ ಹಾಳೆ ತೋರಿಸಬೇಕು ಅಂತ ತೀರ್ಮಾನ ಮಾಡಿದವರು ಯಾರು? ಆ ಒಂದೂವರೆ ಗಂಟೆಯೇ ಕೆಲಸ.

ಹಳೇಪೇಪರ್ · ಬುಧವಾರ ಮಧ್ಯಾಹ್ನ 12.20

ಹಿರಿಯನಾಗಿ ಒಂದು ಮಾತು. ಕನ್ನಡದಲ್ಲಿ ನಗೆಚಿತ್ರಕ್ಕೆ ಓದುಗರಿಲ್ಲ ಅನ್ನುವುದನ್ನು ಬಹಳ ವರ್ಷದಿಂದ ಕೇಳುತ್ತಿದ್ದೇನೆ. ರಾಶಿ (ಎಂ. ಶಿವರಾಂ) ಅವರು 1942ರಲ್ಲಿ ಕೊರವಂಜಿ ಅನ್ನುವ ಹಾಸ್ಯಪತ್ರಿಕೆ ಶುರು ಮಾಡಿದರು. ಅವರು ವೃತ್ತಿಯಲ್ಲಿ ಡಾಕ್ಟರು. ರೋಗಿಗಳನ್ನು ನೋಡಿ, ಉಳಿದ ಹೊತ್ತಿನಲ್ಲಿ ಪತ್ರಿಕೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂಬೈಯಲ್ಲಿ ಹೆಸರು ಮಾಡುವ ಮೊದಲು ಅದಕ್ಕೆ ಚಿತ್ರ ಬರೆದಿದ್ದರು. ಝೆರಾಕ್ಸ್ ಅಂಗಡಿಯ ಹೆಣ್ಣುಮಗಳು ಬೆಳಿಗ್ಗೆ ಐದಕ್ಕೆ ಎದ್ದು ಬರೆಯುವುದು ಅದೇ ಜಾಡು. ನನಗೇನೂ ಆಶ್ಚರ್ಯ ಇಲ್ಲ.

ಆದರೆ ಅಮ್ಮಾ, ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡಿ. ನನಗೆ ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಲು ಬರುವುದಿಲ್ಲ.

ತುಂಗಾತೀರದ_ಟೋನರ್ · ಬುಧವಾರ ಮಧ್ಯಾಹ್ನ 2.45

ಆಯಿತು ಸರ್, ಈ ವಾರದಿಂದಲೇ. ಇನ್‌ಸ್ಟಾಗ್ರಾಂಗೆ ನಾನು 1080ಕ್ಕೆ 1350 ಅಳತೆಯಲ್ಲಿ ಹಾಕುತ್ತೇನೆ. ಹಾಕುವ ಮೊದಲು ಫೋನನ್ನು ಅತ್ತೆಯ ಕೈಗೆ ಕೊಟ್ಟು ಕನ್ನಡಕ ಇಲ್ಲದೆ ಓದಿಸುತ್ತೇನೆ. ಅವರಿಗೆ ಕ್ಯಾಟರಾಕ್ಟ್ ಆಪರೇಷನ್ ಆಗಿ ಈಗ ಎಲ್ಲ ಓದುತ್ತಾರೆ. ನನ್ನ ಅಳತೆಗೋಲು ಹಾಳಾಯಿತು.

ಪೆನ್ಸಿಲ್ ಅವರು ಮೆಸೇಜಿನಲ್ಲಿ ಸಾಮಾನು ಕೇಳಿದ್ದರು, ಇಲ್ಲೇ ಹೇಳುತ್ತೇನೆ. ಪೆನ್ ಟ್ಯಾಬ್ಲೆಟ್ ಇದೆ, ಬಣ್ಣಕ್ಕೆ ಮಾತ್ರ. ಗೆರೆ ಎಲ್ಲ ಕಾಗದದ ಮೇಲೆ. ಸ್ಕ್ಯಾನರ್ ಅಂಗಡಿಯಲ್ಲೇ ಇದೆ, 600 ಡಿಪಿಐಗೆ ಇಟ್ಟು ತೆಗೆಯುತ್ತೇನೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಪ್ಪಳದ ಹಾಗೆ ಮುರುಟುತ್ತದೆ, ಇಂಕು ಹರಡುತ್ತದೆ. ಮರದ ಪೆಟ್ಟಿಗೆಯಲ್ಲಿ ಹಳೇ ಕಾಲದ ಬಲ್ಬು ಹಚ್ಚಿ ಅದರಲ್ಲಿ ರೀಮು ಇಡುತ್ತೇನೆ. ಝೆರಾಕ್ಸ್ ಮಷೀನಿಗೂ ಅದೇ ಕಾಗದ. ಒಂದು ಸಲ ಬೆಕ್ಕು ಅದರೊಳಗೆ ಮರಿ ಹಾಕಿತ್ತು. ಆ ತಿಂಗಳು ನಾಲ್ಕು ಸ್ಟ್ರಿಪ್ ಪುಕ್ಕಟೆ ಸಿಕ್ಕಿದವು.

ಸುಮ್ನೆ_ಓದುವವ · ಬುಧವಾರ ಸಂಜೆ 6.10

ಇದರಿಂದ ದುಡ್ಡು ಬರುತ್ತದಾ ಅಕ್ಕಾ? ಕೇಳಬಾರದು, ಆದರೂ.

ತುಂಗಾತೀರದ_ಟೋನರ್ · ಬುಧವಾರ ರಾತ್ರಿ 9.30

ಕೇಳಿ, ನಾಚಿಕೆ ಯಾಕೆ. ಮೊದಲು ಒಂದು ವಿದೇಶಿ ತಾಣದಲ್ಲಿ ತಿಂಗಳಿಗೆ ಇಷ್ಟು ಅಂತ ಕೊಡುವ ಹನ್ನೊಂದು ಜನ ಇದ್ದರು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ಲ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಟ್ ಆಗುವುದಕ್ಕೆ ಹೊಸದಾಗಿ ಒಪ್ಪಿಗೆ ಕೊಡಬೇಕು ಅಂತ. ಆಮೇಲೆ ಒಬ್ಬೊಬ್ಬರದೇ ನಿಂತು ಹೋಯಿತು. ಯಾರೂ ಬೇಕಂತ ಬಿಡಲಿಲ್ಲ, ಮತ್ತೆ ಹಾಕುವುದು ಮರೆತರು.

ಈಗ ಪುಸ್ತಿಕೆ ಮಾಡುತ್ತೇನೆ. ನಾಲ್ಕು ಎ4 ಹಾಳೆ, ಎರಡೂ ಕಡೆ ಪ್ರಿಂಟ್, ನಡುವೆ ಮಡಚಿ ಎರಡು ಸ್ಟೇಪ್ಲರ್ ಪಿನ್ನು. ಹದಿನಾರು ಪುಟ. ಮೊದಲ ಹಾಳೆಯ ಒಂದು ಮುಖದಲ್ಲಿ 16 ಮತ್ತು 1, ಹಿಂದೆ 2 ಮತ್ತು 15, ಹಾಗೆ. ಮೊದಲ ಸಲ ಲೆಕ್ಕ ತಪ್ಪಿ ನೂರು ಪ್ರತಿಯಲ್ಲಿ ಅಜ್ಜ ಮೊದಲು ಚೌಕಾಸಿ ಮಾಡಿ ಆಮೇಲೆ ಅಂಗಡಿಗೆ ಬಂದರು. ಮೂವತ್ತು ರೂಪಾಯಿಗೆ ಕೌಂಟರ್ ಮೇಲೆ ಇಟ್ಟಿದ್ದೇನೆ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಚೆನ್ನಾಗಿ ಹೋಯಿತು. ಇಂಕು, ಕಾಗದದ ಖರ್ಚು ಹುಟ್ಟುತ್ತದೆ. ಅಷ್ಟೇ.

ದುಡ್ಡಿಗಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಲಕ್ಷಗಟ್ಟಲೆ ಜನ ಇರುವ ಒಂದು ಜೋಕ್ ಪೇಜಿನವರು ನನ್ನ ಸಹಿ ಕತ್ತರಿಸಿ ತಮ್ಮ ಹೆಸರು ಹಾಕಿ ಬಿಟ್ಟರು. ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಕೊನೆಗೆ ನನ್ನ ಯಜಮಾನರ ಆಫೀಸಿನ ಗುಂಪಿಗೇ ಬಂತು. "ನೋಡಿ ಸಾರ್, ನಿಮ್ಮನೆಯವರ ಅಂಗಡಿ ಥರ ಇದೆ" ಅಂತ ಅವರಿಗೇ ಯಾರೋ ತೋರಿಸಿದರಂತೆ.

ಕಕ್ಷಿದಾರರ_ಕಾಟ · ಬುಧವಾರ ರಾತ್ರಿ 10.02

ವಕೀಲ. ಚಿಕ್ಕದಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ನೋಡಿ. ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ಬರೆದವರದು. ಕೃತಿಸ್ವಾಮ್ಯ ಮಾರಿದ ಮೇಲೂ ಆ ಹಕ್ಕು ಹೋಗುವುದಿಲ್ಲ. ಮೂಲ ಹಾಳೆ, ಸ್ಕ್ಯಾನ್ ಫೈಲು, ಮೊದಲು ಹಾಕಿದ ತಾರೀಕು ಇಟ್ಟುಕೊಳ್ಳಿ. ಎಲ್ಲದಕ್ಕೂ ಕೋರ್ಟು ಬೇಡ, ಆ ತಾಣದಲ್ಲೇ ದೂರು ಕೊಡುವ ಫಾರಂ ಇರುತ್ತದೆ.

ತುಂಗಾತೀರದ_ಟೋನರ್ · ಬುಧವಾರ ರಾತ್ರಿ 10.11

ಫಾರಂ ತುಂಬಿದೆ, ತೆಗೆದರು. ಈಗ ಸಹಿ ಮೂಲೆಯಲ್ಲಿ ಹಾಕುವುದಿಲ್ಲ. ಅಂಗಡಿಯ ದರಪಟ್ಟಿ ಬೋರ್ಡಿನ ಮೇಲೆ, ಕ್ಯಾಲೆಂಡರ್ ಮೇಲೆ, ಒಮ್ಮೊಮ್ಮೆ ಅಜ್ಜನ ಕೈಚೀಲದ ಮೇಲೆ. ಕತ್ತರಿಸಿದರೆ ಅಜ್ಜನ ಕೈಯೂ ಹೋಗುತ್ತದೆ.

ಅರ್ಧಕ್ಕೆ_ನಿಂತ_ಪೆನ್ಸಿಲ್ · ಶುಕ್ರವಾರ ರಾತ್ರಿ 10.50

ಎರಡು ದಿನ ಬರೀ ಮಾತು ಬರೆದೆ. ಎಂಟನೆಯ ಸ್ಟ್ರಿಪ್ ಪಿಜಿಗೆ ನೀರಿನ ಟ್ಯಾಂಕರ್ ಬರುವ ಕಥೆ. ಮೊದಲು ನಲವತ್ತೆರಡು ಪದ ಇತ್ತು. ಈಗ:

ಒಂದು: ಕತ್ತಲೆ. "ಟ್ಯಾಂಕರ್ ಬಂತಾ?"
ಎರಡು: ಕತ್ತಲೆ. "ಬಂತು."
ಮೂರು: ನಾಲ್ಕೂ ಜನ ಬಕೆಟ್ ಹಿಡಿದು ಓಡುತ್ತಿದ್ದಾರೆ. "ಏಯ್, ನನ್ನ ಸೋಪು!"
ನಾಲ್ಕು: ಎದುರು ಮನೆ ಮುಂದೆ ಟ್ಯಾಂಕರ್. ನಾಲ್ಕು ಖಾಲಿ ಬಕೆಟ್.

ಮಂಚ ಬಿಡಿಸಲಿಲ್ಲ. ಕತ್ತಲೆ ಅಂದುಬಿಟ್ಟೆ. ಮೂರು ಗಂಟೆಯಲ್ಲಿ ಪೆನ್ಸಿಲ್ ಮುಗಿಯಿತು. ಫೋಟೋ ಹಾಕಿದ್ದೇನೆ, ನೋಡಿ ಹೇಳಿ.

ಒತ್ತಕ್ಷರ · ಶುಕ್ರವಾರ ರಾತ್ರಿ 11.04

"ಟ್ಯಾಂಕರ್" ಬಲೂನಿನ ಅಂಚಿಗೆ ತಾಗುತ್ತಿದೆ. ಕೆಳಗೆ ಯ ಒತ್ತಿಗೆ ಉಸಿರಾಡಲು ಜಾಗ ಬಿಡಿ. ಉಳಿದದ್ದು ಚೆನ್ನಾಗಿದೆ.

ತುಂಗಾತೀರದ_ಟೋನರ್ · ಶನಿವಾರ ಬೆಳಿಗ್ಗೆ 5.25

ನಾಲ್ಕನೆಯ ಚೌಕ ನೋಡಿ ಒಬ್ಬಳೇ ಅಡುಗೆಮನೆಯಲ್ಲಿ ನಕ್ಕೆ. ಮೂರನೆಯದರ ಮಾತು ತೆಗೆಯಿರಿ. ಸೋಪು ಬೇಡ, ಓಟ ಸಾಕು.

ಅರ್ಧಕ್ಕೆ_ನಿಂತ_ಪೆನ್ಸಿಲ್ · ಶನಿವಾರ ಬೆಳಿಗ್ಗೆ 9.40

ತುಂಬಾ ಯೋಚಿಸಿದೆ ಅಕ್ಕಾ. ಸೋಪು ತೆಗೆಯುವುದಿಲ್ಲ. ಅದು ನಿಜಕ್ಕೂ ನನ್ನ ಸೋಪು, ಇನ್ನೂ ಸಿಕ್ಕಿಲ್ಲ.